ಪೆಟ್ಟಿಗೆ ನಾಲ್ವರದು, ವೈರು ಅಕ್ಕನದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯ ಶೆಡ್ಡಿನ ಷಟರ್ ಅರ್ಧ ಮಾತ್ರ ಎತ್ತಿದೆ. ಒಳಗೆ ನೆಲದ ಮೇಲೆ ಕಾಲು ಚಾಚಿ ಕೂತ ಹೆಂಗಸೊಬ್ಬರು ಕಪ್ಪು ವೈರುಗಳ ರಾಶಿಯಿಂದ ಒಂದೊಂದನ್ನೇ ಎಳೆದು, ಎರಡೂ ತುದಿಗಳನ್ನು ಅಂಗೈಯಗಲದ ಟೆಸ್ಟರಿಗೆ ಚುಚ್ಚುತ್ತಿದ್ದಾರೆ. ಹಸಿರು ದೀಪ ಹತ್ತಿದರೆ ವೈರು ಬುಟ್ಟಿಗೆ ಹೋಗುತ್ತದೆ. ಹತ್ತದಿದ್ದರೆ ತೊಡೆಯ ಮೇಲೆ ಉಳಿಯುತ್ತದೆ. ಬೆಸುಗೆ ಹಾಕುವ ಕಡ್ಡಿ ಆಗಲೇ ಕಾದು ಕೂತಿದೆ.

"ವೈರು ಕೆಟ್ರೆ ಮೊದ್ಲೇ ಹೇಳಲ್ಲ ನೋಡಿ. ಹಾಡು ಜೋರಾಗಿ ನಡೀತಿರುವಾಗ್ಲೇ ಕೈ ಕೊಡುತ್ತೆ. ಅದಕ್ಕೆ ಬೆಳಗ್ಗೇನೇ ಎಲ್ಲಾನೂ ಮಾತಾಡಿಸಿಬಿಡ್ತೀನಿ" ಎನ್ನುತ್ತಾರೆ ತಲೆಯೆತ್ತದೆ.

ಇವರನ್ನು ಎಲ್ಲರೂ ಕರೆಯುವುದು ವೈರಕ್ಕ ಎಂದು. ನಾಲ್ಕು ಜನರ ಹಾಡಿನ ತಂಡವೊಂದಕ್ಕೆ ಧ್ವನಿವರ್ಧಕ ನೋಡಿಕೊಳ್ಳುವವರು. ಆ ತಂಡದ ಹಾಡಿಗೆ ನೀವು ಎಲ್ಲಾದರೂ ಮೈಮರೆತು ಕುಣಿದಿದ್ದರೆ ಚಪ್ಪಾಳೆ ಗಾಯಕನಿಗೆ ಹೋಗಿರುತ್ತದೆ. ಸದ್ದು ಹದ ಮಾಡುವ ಮಿಕ್ಸರ್ ಹಿಂದೆ ಇದ್ದವರನ್ನು ನೀವು ನೋಡಿರುವುದಿಲ್ಲ, ನಾನೂ ನೋಡಿರಲಿಲ್ಲ.

ಇವತ್ತು ಮಧ್ಯಾಹ್ನ ಶಾಲೆಯೊಂದರ ಮೈದಾನದಲ್ಲಿ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಇವರ ಹಾಡು. ಆದರೆ ಶೆಡ್ಡಿನಲ್ಲಿರುವುದು ಒಂದೇ ಸ್ಪೀಕರ್. ಇನ್ನೊಂದು, ಮೂರು ವರ್ಷದ ಹಿಂದೆ ಜಗಳವಾಡಿ ಹೋದ ಡ್ರಮ್ಮರ್ ಮನೆಯಲ್ಲಿದೆ. ಸಾಮಾನು ತುಂಬುವ ಹೊತ್ತಿಗೆ ಅವನು ಅದನ್ನು ತಂದರೆ ತಂಡ ಉಳಿಯುತ್ತದೆ. ತಾರದಿದ್ದರೆ ನಾಳೆಯಿಂದ ಅವರವರ ಪೆಟ್ಟಿಗೆ ಅವರವರು ಹೊತ್ತುಕೊಂಡು ಹೋಗುವುದೆಂದು ಗಾಯಕ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾನೆ. ವೈರಕ್ಕನ ಕಿವಿ ಆದ್ದರಿಂದಲೇ ಬೀದಿಯ ಕಡೆಗಿದೆ. ಅವರ ಬಗ್ಗೆ ಬರೆಯಲು ಬಂದ ನನ್ನದೂ ಅಷ್ಟೇ.

ಅವರವರ ಪೆಟ್ಟಿಗೆ ಎಂದರೇನೆಂದು ಹೇಳಬೇಕು. ತಂಡ ಕಟ್ಟುವಾಗ ನಾಲ್ವರೂ ದುಡ್ಡು ಒಟ್ಟು ಮಾಡಲಿಲ್ಲ. ಒಬ್ಬೊಬ್ಬರು ಒಂದೊಂದು ಕೊಂಡರು. ಗಾಯಕ ಮಿಕ್ಸರ್ ತಂದ. ಗಿಟಾರಿನವನು ಆಂಪ್ಲಿಫೈಯರ್ ತಂದ. ಎಡಗಡೆಯ ಸ್ಪೀಕರ್ ಕೀಬೋರ್ಡ್ ನುಡಿಸುವವನದು, ಬಲಗಡೆಯದು ಡ್ರಮ್ಮರನದು. ಪ್ರತಿಯೊಂದರ ಮೇಲೂ ಮಾಲೀಕನ ಅಡ್ಡಹೆಸರು ಬಿಳಿ ಬಣ್ಣದಲ್ಲಿ ಬರೆದಿತ್ತು. ಮೊದಲ ಕಾರ್ಯಕ್ರಮದ ದಿನ ಎಲ್ಲವನ್ನೂ ವೇದಿಕೆಗೆ ಏರಿಸಿ, ಪೂಜೆಗೆ ಇಟ್ಟಂತೆ ಸಾಲಾಗಿ ಇಟ್ಟು, ನಾಲ್ವರೂ ಪಿಳಿಪಿಳಿ ಕಣ್ಣು ಬಿಡುತ್ತ ಮುಖ ಮುಖ ನೋಡಿಕೊಂಡರು. ಒಂದಕ್ಕೊಂದು ಜೋಡಿಸುವ ವೈರನ್ನು ಯಾರೂ ತಂದಿರಲಿಲ್ಲ!

"ವೈರು ಕೊಂಡ್ರೆ ಯಾರ್ ನೋಡ್ತಾರೆ ಹೇಳಿ? ಹೆಸರು ಬರೆಯೋಕೂ ಜಾಗ ಇಲ್ಲ ಅದರ ಮೇಲೆ" ಎಂದು ವೈರಕ್ಕ ನಗುತ್ತಾರೆ.

ಆಗ ಅವರು ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದರು. ಕೀಬೋರ್ಡ್ ನುಡಿಸುವವನು ಅವರ ತಮ್ಮ. ಅವನ ಮೊದಲ ಕಾರ್ಯಕ್ರಮ ನೋಡಲೆಂದು ರಜೆ ಹಾಕಿ ಬಂದಿದ್ದರು. ತಮ್ಮನ ಕಣ್ಣಲ್ಲಿ ನೀರು ನಿಂತದ್ದು ಕಂಡು, ಚಪ್ಪಲಿ ಕೈಯಲ್ಲಿ ಹಿಡಿದು ಅಂಗಡಿಗೆ ಓಡಿ, ಸಂಬಳದ ದುಡ್ಡಿನಲ್ಲಿ ವೈರು ತಂದರು. ಯಾವುದು ಎಲ್ಲಿಗೆ ಎಂದು ಅಂಗಡಿಯವನು ಹೇಳಿಕೊಟ್ಟದ್ದು ಇವರಿಗೆ ಮಾತ್ರ ಗೊತ್ತಿತ್ತು. ಅಂದಿನಿಂದ ಜೋಡಿಸುವ ಕೆಲಸ ಇವರಿಗೇ ಅಂಟಿಕೊಂಡಿತು. ವರ್ಷ ಕಳೆಯುವಷ್ಟರಲ್ಲಿ ಕಾರ್ಖಾನೆ ಬಿಟ್ಟರು. ಪೆಟ್ಟಿಗೆ ಯಾವುದೂ ಇವರದಲ್ಲವಾದ್ದರಿಂದ ಪಾಲು ಸಿಗಲಿಲ್ಲ, ದಿನಗೂಲಿ ಸಿಕ್ಕಿತು.

ಮಾಲೀಕರ ಕಾಟ ಏನು ಕಮ್ಮಿಯೇ! ಡ್ರಮ್ಮರ್ ಬಂದು "ಅಕ್ಕಾ, ಬಲಗಡೆ ಸ್ವಲ್ಪ ಜಾಸ್ತಿ ಕೊಡಿ, ನಂದು ಅದು" ಎನ್ನುವನು. ಗಿಟಾರಿನವನು ತನ್ನ ಆಂಪ್ಲಿಫೈಯರಿಗೆ ಮನೆಯ ಟೇಬಲ್ ಫ್ಯಾನ್ ತಂದು ಗಾಳಿ ಹಾಕುವನು. ಕೊನೆಗೆ ಮೂರು ವರ್ಷದ ಹಿಂದೆ ಬಯಲಿನಲ್ಲಿ ಹಾಡುತ್ತಿದ್ದಾಗ ಮಳೆ ಹೊಡೆಯಿತು. ವೈರಕ್ಕ ಕರೆಂಟ್ ತೆಗೆಯಲು ಮೇನ್ ಸ್ವಿಚ್ಚಿಗೆ ಓಡಿದರು. ತಮ್ಮ ಎಡಗಡೆಯದಕ್ಕೆ ಟಾರ್ಪಾಲು ಹೊದಿಸಿದ, ಡ್ರಮ್ಮರ್ ಬಲಗಡೆಯದಕ್ಕೆ, ಗಿಟಾರಿನವನು ತನ್ನದಕ್ಕೆ. ಗಾಯಕ ಜನರ ನಡುವೆ ಇಳಿದು ಹಾಡುತ್ತಿದ್ದವನು, ನೂಕುನುಗ್ಗಲಿನಲ್ಲಿ ಸಿಕ್ಕಿಬಿದ್ದ. ಮಿಕ್ಸರ್ ಮಳೆಯಲ್ಲಿ ಮುಳುಗೆದ್ದಿತು. ಮೂರು ಜನ ಪಕ್ಕದಲ್ಲೇ ಇದ್ದರು, ಒಬ್ಬರೂ ಕೈ ಚಾಚಲಿಲ್ಲ.

ರಿಪೇರಿ ಖರ್ಚನ್ನು ಎಲ್ಲರೂ ಹೊರಬೇಕೆಂದ ಗಾಯಕ. "ನಿನ್ನ ಪೆಟ್ಟಿಗೆ, ನಿನ್ನ ನಷ್ಟ" ಎಂದ ಡ್ರಮ್ಮರ್, ಬಲಗಡೆಯದನ್ನು ಆಟೋದಲ್ಲಿ ಹಾಕಿಕೊಂಡು ಹೊರಟೇಹೋದ. ಆಮೇಲೆ ಬಾಡಿಗೆಯ ಸ್ಪೀಕರ್, ಬಾಡಿಗೆಯ ಡ್ರಮ್ಮರ್. ಬಂದ ದುಡ್ಡೆಲ್ಲ ಬಾಡಿಗೆಗೇ ಸರಿಹೋಗುತ್ತಿತ್ತು.

ಈ ಗಂಟು ಬಿಡಿಸಲು ಹೊರಟದ್ದೂ ವೈರಕ್ಕನೇ. ಅವರು ಮುಂದಿಟ್ಟ ಲೆಕ್ಕ ಇಷ್ಟು: ಯಾವ ಪೆಟ್ಟಿಗೆಯೂ ಒಬ್ಬನದಲ್ಲ, ಎಲ್ಲದರಲ್ಲೂ ಎಲ್ಲರಿಗೂ ಪಾಲು. ಕೆಟ್ಟರೆ ಎಲ್ಲರ ದುಡ್ಡಿನಲ್ಲಿ ರಿಪೇರಿ. ಬಿಟ್ಟು ಹೋಗುವವನು ಪಾಲಿನ ದುಡ್ಡು ಒಯ್ಯಬಹುದು, ಪೆಟ್ಟಿಗೆ ಒಯ್ಯುವಂತಿಲ್ಲ. ಇದನ್ನು ಕೇಳಿದ ಗಾಯಕ, ಹಾಗಿದ್ದರೆ ವೈರೂ ಒಳಗೆ ಬರಬೇಕು, ಅಕ್ಕನದು ಐದನೆಯ ಪಾಲು ಎಂದ. ಆದರೆ ಬಲಗಡೆಯದು ಬಾರದೆ ಇದ್ಯಾವುದೂ ಇಲ್ಲ ಎಂದೂ ಪಟ್ಟು ಹಿಡಿದ.

ಅಕ್ಕ ಡ್ರಮ್ಮರ್ ಮನೆಗೆ ಅಲೆದರು. ಸ್ಪೀಕರ್ ಅಲ್ಲಿ ಇಸ್ತ್ರಿ ಮೇಜಾಗಿತ್ತು; ಅದರ ಮೇಲೆ ಅವನ ಹೆಂಡತಿ ಮಕ್ಕಳ ಸಮವಸ್ತ್ರ ತೀಡುತ್ತಿದ್ದಳು. "ಬರ್ತೀನಿ ಅಂತ ಹೇಳಲ್ಲ ಅಕ್ಕಾ. ಬರಲ್ಲ ಅಂತಾನೂ ಹೇಳಲ್ಲ" ಎಂದು ಅವನು ಕಳಿಸಿದ್ದನಂತೆ.

ಹೊರಗೆ ಬಿಸಿಲು ಏರುತ್ತಿದೆ. ಗಾಯಕ, ಗಿಟಾರಿನವನು, ತಮ್ಮ ಮೂವರೂ ಬಂದಿದ್ದಾರೆ. ವ್ಯಾನಿನವನು ಹಾರ್ನ್ ಹೊಡೆದು "ಇನ್ನೂ ಎಷ್ಟೊತ್ತು?" ಎಂದು ಕೂಗುತ್ತಾನೆ. ಗಾಯಕ ಬಾಡಿಗೆಯವನಿಗೆ ಕರೆ ಮಾಡಲು ಫೋನ್ ತೆಗೆಯುತ್ತಾನೆ. ವೈರಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಲ್ಲುತ್ತಾರೆ.

ಓಣಿಯ ತಿರುವಿನಲ್ಲಿ ಆಟೋ! ಹಿಂದಿನ ಸೀಟಿನಲ್ಲಿ ಸ್ಪೀಕರ್ ದಪ್ಪ ಅತ್ತೆಯೊಬ್ಬಳಂತೆ ಠೀವಿಯಿಂದ ಕೂತಿದೆ. ಅದರ ಪಕ್ಕ ಮುದುಡಿಕೊಂಡಿರುವವನು ಡ್ರಮ್ಮರ್. ಇಳಿದವನು ಯಾರ ಮುಖವನ್ನೂ ನೋಡದೆ ಒಬ್ಬನೇ ಎತ್ತಲು ಹೋಗುತ್ತಾನೆ, ಆಗುವುದಿಲ್ಲ. ಗಾಯಕ ಫೋನನ್ನು ಜೇಬಿಗೆ ಹಾಕಿ ಇನ್ನೊಂದು ಹಿಡಿಕೆಗೆ ಕೈ ಹಾಕುತ್ತಾನೆ.

"ಸ್ವಲ್ಪ ತಗ್ಗಿಸೋ" ಎನ್ನುತ್ತಾನೆ ಡ್ರಮ್ಮರ್.

"ನೀನು ಎತ್ತೋ ಮೊದ್ಲು" ಎನ್ನುತ್ತಾನೆ ಗಾಯಕ.

ನನಗೆ ಖುಷಿಗೆ ಕೂಗಿಬಿಡಬೇಕು ಅನ್ನಿಸುತ್ತದೆ. ವೈರಕ್ಕ ಬಣ್ಣ ಕರಗಿಸುವ ಥಿನ್ನರ್ ಸೀಸೆ ಮತ್ತು ಹಳೆಯ ಬನಿಯನ್ ತುಂಡುಗಳನ್ನು ಹಂಚುತ್ತಾರೆ. ನಾಲ್ವರೂ ಮಂಡಿಯೂರಿ ತಮ್ಮ ತಮ್ಮ ಹೆಸರನ್ನು ತಾವೇ ಉಜ್ಜಿ ಅಳಿಸುತ್ತಾರೆ. ಗಾಯಕ ಮೈಕನ್ನು ಎದೆಗವಚಿಕೊಂಡು "ಇದೂನಾ?" ಎಂದಾಗ, "ಅದು ನಿನಗೇ ಇರಲಪ್ಪ, ನಿನ್ನ ಎಂಜಲಲ್ಲಿ ನಮಗೆ ಪಾಲು ಬೇಡ" ಎಂದು ಅಕ್ಕ ತೀರ್ಪು ಕೊಡುತ್ತಾರೆ.

ಮೈದಾನದಲ್ಲಿ ಮೊದಲ ಹಾಡಿಗೇ ಎಡದಿಂದಲೂ ಬಲದಿಂದಲೂ ಒಂದೇ ತೂಕದ ಸದ್ದು ಚಿಮ್ಮುತ್ತದೆ. ಡ್ರಮ್ಮಿನ ಏಟು ನನ್ನ ಎದೆಗೇ ಬಂದು ಬಡಿಯುತ್ತದೆ. ಅಜ್ಜಂದಿರಾದ ಹಳೆಯ ವಿದ್ಯಾರ್ಥಿಗಳು ಕೋಟು ಬಿಚ್ಚಿಟ್ಟು ಕುಣಿಯುತ್ತಾರೆ. ನಾನೂ ಪೆನ್ನು ಜೇಬಿಗೆ ಸಿಕ್ಕಿಸಿ ಕುಣಿದೆ, ಸುಳ್ಳು ಯಾಕೆ ಹೇಳಲಿ. ಮಿಕ್ಸರಿನ ಹಿಂದೆ ವೈರಕ್ಕನ ಗಲ್ಲ ಒದ್ದೆಯಾಗಿರುವುದು ಬಿಸಿಲಿಗೋ ಏನೋ, ಕೇಳುವ ಧೈರ್ಯವಾಗಲಿಲ್ಲ.

ಸಂಜೆ ಬಿಸಿಲಿರುವಾಗಲೇ ಸಾಮಾನು ವ್ಯಾನಿಗೆ ಏರುತ್ತದೆ. ಅದರ ಬಾಗಿಲಲ್ಲೇ ಐವರು ಪಾಲುದಾರರ ಮೊದಲ ಸಭೆ: ಎಲ್ಲರ ದುಡ್ಡಿನಲ್ಲಿ ಮೊದಲು ಏನು ಕೊಳ್ಳಬೇಕು? ಗಾಯಕನಿಗೆ ಬಣ್ಣದ ದೀಪ ಬೇಕು. ಡ್ರಮ್ಮರನಿಗೆ ಎದೆ ನಡುಗಿಸುವ ಇನ್ನೊಂದು ಪೆಟ್ಟಿಗೆ ಬೇಕು. ಗಿಟಾರಿನವನಿಗೆ ಹೊಗೆ ಬಿಡುವ ಯಂತ್ರ. ಗಲಾಟೆಯೋ ಗಲಾಟೆ.

"ಅಕ್ಕಾ, ನೀನು ಹೇಳು. ನಿಂಗೂ ಪಾಲಿದೆ ಈಗ" ಎನ್ನುತ್ತಾನೆ ತಮ್ಮ.

ವೈರಕ್ಕ ಕೈಯಲ್ಲಿದ್ದ ವೈರನ್ನು ಪೂರ್ತಿ ಸುತ್ತಿ ಮುಗಿಸುತ್ತಾರೆ.

"ಒಂದು ಕುರ್ಚಿ ತಗೊಳ್ಳೋಣ. ಇಷ್ಟು ವರ್ಷ ಮಿಕ್ಸರ್ ಹಿಂದೆ ನಿಂತೇ ಇದ್ದೀನಿ ಕಣ್ರೋ."

ಡ್ರಮ್ಮರ್ ತಾನು ಕೂತಿದ್ದ ಸ್ಟೂಲಿನಿಂದ ಮೆಲ್ಲಗೆ ಏಳುತ್ತಾನೆ.

"ಅದರಲ್ಲೂ ಎಲ್ಲರಿಗೂ ಪಾಲಿರಲಿ" ಎನ್ನುತ್ತಾರೆ ವೈರಕ್ಕ, "ಕೂರೋದು ಮಾತ್ರ ನಾನು."