ಗೇಟಿಗೆ ಅಡ್ಡ ನಿಂತವಳು

ಅಲಮೇಲು ಬಹಳ ಸಾಧು ಎಂದು ಎಲ್ಲರೂ ಹೇಳುತ್ತಾರೆ. ಅವರ್ಯಾರೂ ಅವಳ ಜೊತೆ ಜಗಳವಾಡಿದವರಲ್ಲ. ನಾನು ಆಡಿದ್ದೇನೆ, ರಾಜಾಜಿನಗರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತಷ್ಟು ಕಾಲವೂ.

ಸಂಜೆ ಅವಳ ಮನೆಯಲ್ಲಿ ಲೆಕ್ಕ ಬಿಡಿಸಲು ಕೂತರೆ ನನಗೆ ಸಿಟ್ಟು ಬರುತ್ತಿತ್ತು. ಪುಸ್ತಕ ಎತ್ತಿಕೊಂಡು, "ಹೋಗ್ತೀನಿ ಕಣೇ!" ಎಂದು ಎದ್ದುಬಿಡುತ್ತಿದ್ದೆ. ಅವಳು ಓಡಿಬಂದು ಗೇಟಿಗೆ ಅಡ್ಡ ನಿಲ್ಲುತ್ತಿದ್ದಳು.

"ಹೋಗ್ತೀನಿ ಅನ್ಬಾರ್ದು ಜಲಜಾ. ಬರ್ತೀನಿ ಅನ್ನು, ಬಿಡ್ತೀನಿ."

ಬೈದರೂ ಕದಲುತ್ತಿರಲಿಲ್ಲ. ಕೊನೆಗೆ ನಾನು "ಬರ್ತೀನಿ" ಎಂದು ಗೊಣಗಿದರೆ, ನಗುತ್ತಾ ತಾನೇ ಚಿಲಕ ತೆಗೆಯುತ್ತಿದ್ದಳು. ಬಾಯಿಬಿಟ್ಟು ಹಾಗೆ ಹೇಳಿದ ಮೇಲೆ ಮರುದಿನ ಹೋಗದೆ ಇರುವುದು ಹೇಗೆ?

ಮುಂದೆ ವಿಜಯನಗರದಲ್ಲಿ ಟೀಚರ್ ಆದಳು. ಅಲ್ಲಿಯೂ ಅದೇ ಚಾಳಿ. ಸಂಜೆ ಶಾಲೆಯ ಗೇಟಿನಲ್ಲಿ ನಿಂತು, ಅವತ್ತು ಬೈಸಿಕೊಂಡು ಅತ್ತ ಮಕ್ಕಳಿಂದಲೂ "ಬರ್ತೀನಿ ಮಿಸ್" ಎಂದು ಹೇಳಿಸಿಯೇ ಕಳಿಸುತ್ತಿದ್ದಳು. ಅವಳ ಕ್ಲಾಸಿನ ಮಕ್ಕಳು ಶಾಲೆ ತಪ್ಪಿಸುತ್ತಿರಲಿಲ್ಲವಂತೆ. ನನಗೇನೂ ಆಶ್ಚರ್ಯವಾಗಲಿಲ್ಲ.

೧೯೭೮ರಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಕೊನೆಯ ಸಲ ನೋಡಲು ಹೋದೆ. ಹೊರಡುವಾಗ ಅವಳ ಸೋದರತ್ತೆ ಪಕ್ಕಕ್ಕೆ ಕರೆದು, "ಸಾವಿನ ಮನೆ, ಹೇಳದೇನೇ ಹೊರಟುಬಿಡಮ್ಮ" ಎಂದರು. ಇಂಥ ಮನೆಯಲ್ಲಿ ಬರ್ತೀನಿ ಅನ್ನಬಾರದೆಂದು ನನಗೂ ಗೊತ್ತು. ಗೇಟಿನವರೆಗೆ ಬಾಯಿ ಮುಚ್ಚಿಕೊಂಡೇ ಬಂದೆ. ಅಲ್ಲಿ ಕಾಲು ಮುಂದೆ ಹೋಗಲಿಲ್ಲ. ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಬರ್ತೀನಿ ಕಣೇ, ಅಲಮೇಲು."

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು. ಅವಳ ಅಮ್ಮ ಮಾತ್ರ ಎದ್ದು ಬಂದರು. ತಾವೇ ಚಿಲಕ ತೆಗೆದರು.