ನಿವಡಣೂಕಿಗೆ ಮೊರ ಒಯ್ದವಳು

ನನ್ನ ಗಂಡನ ಅಕ್ಕನ ಬಲಗೈ ಹೆಬ್ಬೆರಳು ಸದಾ ಹೊಳೆಯುತ್ತಿತ್ತು. ಚಿಕ್ಕಂದಿನಿಂದ ಕುರಿಯ ಉಣ್ಣೆ ನೂತು ನೂತು ಅದರ ಜಿಡ್ಡು ಚರ್ಮದೊಳಗೇ ಇಳಿದಿತ್ತು; ಶೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅವಳು ತಟ್ಟಿದ ರೊಟ್ಟಿಗೂ ಕುರಿಯ ವಾಸನೆ. ಮದುವೆಯಾಗಿ ವಳಸಂಗದಿಂದ ಬಂದ ಹೊಸದರಲ್ಲಿ ನಾನು ಮೂಗು ಮುರಿದದ್ದುಂಟು. ತನ್ನ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಿಂತವಳು ಇಷ್ಟು ಜೋರು ಮಾಡುತ್ತಾಳಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಸಣ್ಣ ಬುದ್ಧಿ ನನ್ನದು, ಏನು ಮಾಡಲಿ.

ಮಹಾರಾಷ್ಟ್ರದ ಗಡಿಯಲ್ಲಿ, ಕರಜಗಿಯ ಕಡೆ ನಮ್ಮದೊಂದು ಸಣ್ಣ ವಸ್ತಿ, ಕೆಲವೇ ಮನೆಗಳ ಹಳ್ಳಿ. ಸುತ್ತಲಿನ ವಸ್ತಿಗಳೂ ಒಂದು ದೊಡ್ಡ ಊರೂ ಸೇರಿ ಕಂಬಳಿ ಸೊಸಾಯಿಟಿ ಮಾಡಿಕೊಂಡಿದ್ದವು. ನೂಲುವವರು, ನೇಯುವವರು ಎಲ್ಲರೂ ಸದಸ್ಯರು. ಆದರೆ ಅಧ್ಯಕ್ಷನನ್ನು ನಾವು ಆರಿಸುವಂತಿರಲಿಲ್ಲ. ವಸ್ತಿಗೊಬ್ಬರು, ದೊಡ್ಡ ಊರಿಗೆ ಇಬ್ಬರು ಎಂದು ಹನ್ನೊಂದು ಜನ ಪ್ರತಿನಿಧಿಗಳು. ಆ ಹನ್ನೊಂದು ಜನ ಕೂತು ಅಧ್ಯಕ್ಷನನ್ನು ಆರಿಸಬೇಕು. ಆರಿಸಿ ಆರಿಸಿ ಪ್ರತಿ ಸಲವೂ ದೊಡ್ಡ ಊರಿನ ಉಣ್ಣೆ ವ್ಯಾಪಾರಿಯನ್ನೇ ಕೂರಿಸುತ್ತಿದ್ದರು.

ಅಕ್ಕ ಆ ಹನ್ನೊಂದರಲ್ಲಿ ಒಬ್ಬಳು, ಹೆಂಗಸು ಅಂತ ಅವಳೊಬ್ಬಳೇ. ಆದದ್ದು ಹೇಗೆಂದರೆ ನಗು ಬರುತ್ತದೆ. ಅರವತ್ತರ ದಶಕದ ಸುರುವಿಗೆ ಸೊಸಾಯಿಟಿ ಹುಟ್ಟಿದಾಗ, 'ನಾಳೆ ನಿವಡಣೂಕ, ಹೆಂಗಸರೂ ಬರಬೇಕು' ಎಂದು ಮರಾಠಿಯಲ್ಲಿ ಸಾರಿ ಹೋದರಂತೆ. ಮರಾಠಿಯಲ್ಲಿ ನಿವಡಣೆ ಅಂದರೆ ಕಾಳಿನಲ್ಲಿನ ಕಲ್ಲು ಆರಿಸಿ ಹಸನು ಮಾಡುವುದು. ಚುನಾವಣೆಗೂ ಅದೇ ಶಬ್ದ ಎಂದು ನಮ್ಮ ವಸ್ತಿಯ ಹೆಂಗಸರಿಗೆ ಯಾರು ಹೇಳಬೇಕು? ಯಾವುದೋ ಊಟಕ್ಕೆ ಜೋಳ ಹಸನು ಮಾಡಲು ಕರೆದಿದ್ದಾರೆಂದು ಅಕ್ಕ ನಾಲ್ಕು ಜನರನ್ನು ಕಟ್ಟಿಕೊಂಡು, ಮೊರ ಹಿಡಿದು ಹೋದಳು. ಗಂಡಸರು ಬಿದ್ದು ಬಿದ್ದು ನಕ್ಕರು. ಉಳಿದ ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ಹಿಂದೆ ಸರಿದರೆ ಇವಳು ಮೊರ ಮುಂದಿಟ್ಟು ಕೂತಳು.

"ಕಾಳು ಎಲ್ಲೈತ್ರಿ?"

"ಕಾಳಲ್ಲವಾ, ಇಲ್ಲಿ ಮಂದೀನ ಆರಿಸೋದೈತಿ."

"ಹಂಗಾರ ಮಂದೀನಽ ಹಸನ ಮಾಡೂಣು. ಒಬ್ಬೊಬ್ಬರಽ ಮುಂದ ಬರ್ರಿ."

ಚೇಷ್ಟೆಗಾಗಿ ಅವಳನ್ನೇ ವಸ್ತಿಯ ಪ್ರತಿನಿಧಿ ಮಾಡಿ ಕಳಿಸಿದರು. ಆ ಚೇಷ್ಟೆ ಹತ್ತು ವರ್ಷದ ಮೇಲೂ ನಡೆಯಿತು. ಸಭೆಯಲ್ಲಿ ಉಣ್ಣೆ ನೂಲುವ ತಕಲಿ ತಿರುಗಿಸುತ್ತಲೇ ಕೂರುತ್ತಿದ್ದಳು. ಅವಳಿಗೆ ಕಪ್ಪು-ಬಸಿಯಲ್ಲಿ ಚಹಾ ಬರುತ್ತಿತ್ತು. ವ್ಯಾಪಾರಿ "ಬರ್ರಿ ಅಕ್ಕಾರ, ಕುಂದ್ರಿ" ಎನ್ನುತ್ತಿದ್ದ. ನಮ್ಮ ಮನೆಗೆ ಇದ್ದ ಮಾನವೆಂದರೆ ಅದೊಂದೇ. ಅಷ್ಟೊತ್ತಿಗೆ ನಾನೂ ನೂಲುತ್ತಿದ್ದೆ, ನಾನೂ ಸದಸ್ಯೆ.

ಎಪ್ಪತ್ತರ ದಶಕದಲ್ಲಿ ಕೆಲವರು ಹೊಸ ಮಾತು ಎತ್ತಿದರು: ಪ್ರತಿನಿಧಿಗಳು ಬೇಡ, ಸದಸ್ಯರೆಲ್ಲ ನೇರ ಓಟು ಹಾಕಿ ಅಧ್ಯಕ್ಷನನ್ನು ಆರಿಸಲಿ. ನೇಮ ಬದಲಿಸುವ ಅಧಿಕಾರ ಮಾತ್ರ ಅದೇ ಹನ್ನೊಂದು ಜನರದು. ನಮ್ಮ ವಸ್ತಿಯಲ್ಲಿ ಗುಲ್ಲೋ ಗುಲ್ಲು. ನನ್ನ ಗಂಡ ಅಕ್ಕನಿಗೆ ತಿಳಿಸಿ ಹೇಳಿದ: "ದೊಡ್ಡ ಊರಾಗ ಮಂದಿ ಭಾಳ. ತಲಿಗೊಂದು ಓಟ ಅಂದ್ರ ನಮ್ಮ ಹಿಡಿಯಷ್ಟು ವಸ್ತೀನ ಯಾರು ಕೇಳ್ತಾರ? ಈಗ ನಿನ್ನ ಒಂದು ಓಟಿಗೆ ತೂಕ ಐತಿ." ಮಾತು ಸುಳ್ಳಲ್ಲ. ನಾನೂ ದನಿಗೂಡಿಸಿದೆ. ನನಗೆ ವಸ್ತಿಯ ಚಿಂತೆಗಿಂತ ಕಪ್ಪು-ಬಸಿಯ ಚಿಂತೆ ಹೆಚ್ಚು. ಒಮ್ಮೆ ಆ ಜಾಗ ಹೋದರೆ ಮತ್ತೆ ಹೆಂಗಸನ್ನು ಯಾರು ಕರೆದು ಕೂರಿಸುತ್ತಾರೆ?

ಅಕ್ಕ ನನ್ನ ಮುಖ ನೋಡಿದಳು. "ನಿನಗ ಅಧ್ಯಕ್ಷ ಯಾರಾಗಬೇಕಂತ ಐತಿ?"

"ನನಗೇನು ಗೊತ್ತ? ನೀ ಹಾಕ್ತಿಯಲ್ಲ."

"ನೋಡು, ಒಂದಽ ಒಲಿ ಮುಂದ ಕುಂದರ್ತೀವಿ. ಇಷ್ಟು ವರ್ಷದಾಗ ನಾನೂ ನಿನ್ನ ಕೇಳಿಲ್ಲ, ನೀನೂ ಹೇಳಿಲ್ಲ." ಅಷ್ಟೇ ಹೇಳಿ ಎದ್ದು ಹೋದಳು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಸಭೆಯ ದಿನ ಸದಸ್ಯರೆಲ್ಲ ಹೊರಗೆ ನೆರೆದಿದ್ದೆವು. ವ್ಯಾಪಾರಿ ಬುದ್ಧಿವಂತ. "ದಿಲ್ಲಿಯೊಳಗ ರಾಷ್ಟ್ರಪತಿನ್ನಽ ಮಂದಿ ನೇರ ಆರಿಸೂದಿಲ್ಲ, ನಾವು ಆರಿಸಿದವರು ಆರಿಸ್ತಾರ. ನಮ್ಮ ಸೊಸಾಯಿಟಿ ದಿಲ್ಲಿಗಿಂತ ದೊಡ್ಡದೇನ್ರಿ?" ಎಂದ. ಮಂದಿ ತಲೆದೂಗಿದರು. ಕೈ ಎತ್ತಿಸಿದರು: ಬದಲಾವಣೆಗೆ ಐದು, ಬೇಡವೆಂದು ಐದು. ಅಕ್ಕ ಎತ್ತಿರಲಿಲ್ಲ. ತಕಲಿಯನ್ನು ನೆಲಕ್ಕಿಟ್ಟಳು. ಸಭೆಯಲ್ಲಿ ಅವಳ ಕೈ ನಿಂತದ್ದನ್ನು ಯಾರೂ ಕಂಡಿರಲಿಲ್ಲ.

"ದಿಲ್ಲಿ ದೂರ ಐತ್ರಿ, ಯಾರ್ಯಾರು ಹೋಗಾಕ ಆಗತೈತಿ? ಇಲ್ಲಿ ಬಾಗಲದಾಗಽ ನಿಂತಾರ ನೋಡ್ರಿ, ಎಲ್ಲಾರೂ. ನಾ ಮೊರ ತಂದ ದಿನ ಭಾಳ ನಕ್ರಿ. ಇಷ್ಟು ದಿನ ಇವರೆಲ್ಲಾರ ಕಾಳು ನಾ ಒಬ್ಬಾಕಿ ಹಸನ ಮಾಡೀನಿ. ಕಲ್ಲು ಬಿಟ್ಟಿದ್ರೂ ಇವರು ನುಂಗ್ಯಾರ. ಇನ್ನ ಅವರವರ ಕಾಳು ಅವರವರಽ ಹಸನ ಮಾಡ್ಕೊಳ್ಳಲಿ." ಬಲಗೈ ಮೇಲೆತ್ತಿದಳು.

ಬದಲಾವಣೆಗೆ ಅದು ಆರನೆಯ ಕೈ. ತನಗಿದ್ದ ಒಂದೇ ಒಂದು ಆಸನವನ್ನು ಇಷ್ಟು ಸಲೀಸಾಗಿ ಬಿಟ್ಟುಕೊಟ್ಟವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಇಂಥವಳ ಕೈಯ ರೊಟ್ಟಿಗೆ ಮೂಗು ಮುರಿದೆನಲ್ಲ ಎಂದು ಅಲ್ಲೇ ಕಣ್ಣು ತುಂಬಿತು.

ನೇರ ಚುನಾವಣೆ ನಡೆಯಿತು. ಗೆದ್ದವನು ಅದೇ ವ್ಯಾಪಾರಿ. ಗಂಡಸರು ಅಕ್ಕನನ್ನು ಕೆಣಕಿದರು: "ಏನವಾ, ಇಷ್ಟಕ್ಕಽ ಅಷ್ಟೆಲ್ಲಾ ಮಾಡಿದೇನ?" ಅವಳು ತಲೆಯೆತ್ತದೆ ಹೇಳಿದಳು: "ಹಿಂದಕ ಹನ್ನೊಂದು ಮನಿ ತಿರಗ್ತಿದ್ದ. ಈ ಸಲ ಮನಿಮನಿಗೂ ಬಂದು ಕೈ ಮುಗದಾನ." ಅದು ಖರೆ. ನನ್ನ ಮುಂದೆಯೂ ನಿಂತು, ನನ್ನ ಹೆಸರು ಹಿಡಿದು ಕೇಳಿದ್ದ. ನನಗೆ ಒಂದು ಹೆಸರಿದೆ ಎಂದು ಅವನಿಗೆ ಅಂದೇ ಗೊತ್ತಾದದ್ದು. ಅಕ್ಕನನ್ನು ಮತ್ತೆ ಯಾರೂ ಸಭೆಗೆ ಕರೆಯಲಿಲ್ಲ.

ಆ ದಶಕ ಮುಗಿಯುವುದರೊಳಗೆ ಅವಳು ಹಾಸಿಗೆ ಹಿಡಿದಳು. ಗಂಜಿ ಕುಡಿಸುತ್ತ ಒಂದು ದಿನ ಕೇಳಿಯೇಬಿಟ್ಟೆ: "ಅಕ್ಕಾ, ಆ ಸಲ ನೀ ಓಟು ಯಾರಿಗೆ ಹಾಕಿದಿ?"

"ನೀ ಯಾರಿಗೆ ಹಾಕಿದಿ?"

ನಾನು ಬಾಯಿ ತೆರೆದೆ. ಅವಳು ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಹೇಳಬ್ಯಾಡ. ಅದು ನಿಂದು. ನಂದು ನಾ ಒಯ್ತೀನಿ."

ಒಯ್ದಳು. ನಾನೂ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಗಂಡನಿಗೂ.