ನೆಲ ಒರೆಸುವ ಸರದಿ

ಮತ್ತೆ ಅದೇ ಕೆಟ್ಟ ಕನಸು ಬಿತ್ತು. ನಾನು ಮಂಡಿಯೂರಿ ನೆಲ ಒರೆಸುತ್ತಿದ್ದೇನೆ, ಅಪ್ಪ ಬಾಗಿಲಲ್ಲಿ ನಿಂತಿದ್ದಾರೆ.

ಕುವೈತ್ ಯುದ್ಧ ಮುಗಿದ ಮೇಲೆ ಸೌದಿಯ ಜೆದ್ದಾದಲ್ಲಿ ಅಪ್ಪ ಜಪಾನಿ ಕಂಪನಿಯೊಂದರ ಡ್ರೈವರ್ ಆಗಿದ್ದರು. ಕಂಪನಿಯ ಸಾಹೇಬರ ದಯೆಯಿಂದ ಅವರ ಮಕ್ಕಳ ಜಪಾನಿ-ಇಂಗ್ಲಿಷ್ ಶಾಲೆಗೆ ನಾನೂ ಸೇರಿದ್ದೆ. ಅಲ್ಲಿ ಜಪಾನಿನ ಪದ್ಧತಿಯಂತೆ ಊಟವಾದ ಮೇಲೆ ಮಕ್ಕಳೇ ಸರದಿಯಲ್ಲಿ ನೆಲ ಒರೆಸಬೇಕು. ಅಪ್ಪನಿಗೆ ಗೊತ್ತಾದರೆ ಶಾಲೆ ಬಿಡಿಸುತ್ತಾರೆಂದು ಹೆದರಿ, ಒದ್ದೆಯಾದ ಲಂಗದ ಅಂಚನ್ನು ಒಣಗಿಸಿಕೊಂಡೇ ಕಾರು ಹತ್ತುತ್ತಿದ್ದೆ.

ಒಂದು ದಿನ ಅಪ್ಪ ಬೇಗ ಬಂದು ನೋಡಿಬಿಟ್ಟರು.

"ನೀನು ಇಲ್ಲಿ ಕಲಿಯಲಿಕ್ಕೆ ಬಂದದ್ದಾ, ಚಾಕರಿಗಾ? ಏಳು ಮಗಾ, ಯಲ್ಲಾ, ಹೊರಡು."

"ಎಲ್ಲರೂ ಒರೆಸ್ತಾರಪ್ಪ, ಸಾಹೇಬರ ಮಗನೂ."

"ಸಾಹೇಬರ ಮಗ ನೆಲ ಒರೆಸುವುದುಂಟಾ? ಸುಳ್ಳು ಹೇಳ್ಬೇಡ."

ಅಪ್ಪ ಆ ಶಾಲೆ ಬಿಡಿಸಿದರು. ಇಂಡಿಯನ್ ಸ್ಕೂಲಿನಲ್ಲಿ ಸೀಟು ಸಿಗಲಿಲ್ಲ, ನನ್ನ ಓದು ನಿಂತಿತು. ನೆನಪು ಮಸುಕಾಗಿ, ಅಪ್ಪ ಹೇಳಿದ್ದೇ ನಿಜವೇನೋ, ನಾನೊಬ್ಬಳೇ ಒರೆಸುತ್ತಿದ್ದೆನೇನೋ ಎಂಬ ಭಯ ಈಗಲೂ ಇದೆ. ಆ ಜಪಾನಿ ಶಾಲೆಯಲ್ಲಿ ಓದಿದವರಿದ್ದರೆ ನಿಮ್ಮ ಹಳೆಯ ಫೋಟೋಗಳನ್ನು ಇನ್ನೊಮ್ಮೆ ನೋಡಿ ಹೇಳಿ, ಒರೆಸುವ ಬಟ್ಟೆ ಬೇರೆ ಮಕ್ಕಳ ಕೈಯಲ್ಲೂ ಇದೆಯಾ?